ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದ ಸಾಕಮ್ಮ

ನಾನು ಬಿ.ಪಿ. ನೋಡುವ ಯಂತ್ರವನ್ನು ಚೀಲದಿಂದ ತೆಗೆಯುವ ಮೊದಲೇ ಸಾಕಮ್ಮ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ಎಡಗೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲೆ ಚಾಚಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಬಿ.ಪಿ. ನೋಡುವುದಕ್ಕೆ ಮುಂಚೆ ಐದು ನಿಮಿಷ ಮಾತಾಡಬಾರದು, ಕಾಲ ಮೇಲೆ ಕಾಲು ಹಾಕಬಾರದು, ಬೆನ್ನು ಕುರ್ಚಿಗೆ ಒರಗಿರಬೇಕು ಎಂಬುದು ನಮ್ಮ ಅಧ್ಯಯನದ ನಿಯಮ. ಅದನ್ನು ನಾನು ದಿನಕ್ಕೆ ಹತ್ತಾರು ಸಲ ಹೇಳುತ್ತಿದ್ದೆ, ಪಾಲಿಸುವವರು ಅಪರೂಪ. ಒಬ್ಬರು ಮಳೆಯ ವಿಚಾರ ತೆಗೆಯುವರು, ಇನ್ನೊಬ್ಬರು ಕಿಟಕಿಯಾಚೆ ಹೋಗುವ ಹಸುವನ್ನು ಕೂಗಿ ಕರೆಯುವರು. ಸಾಕಮ್ಮ ಐದು ನಿಮಿಷವೂ ಹಂದಾಡುತ್ತಿರಲಿಲ್ಲ. ಪಕ್ಕದಲ್ಲಿ ಯಾರಾದರೂ ಮಾತಾಡಿಸಿದರೆ ಕಣ್ಣು ತೆರೆಯದೆ ಬಲಗೈಯ ತೋರುಬೆರಳೆತ್ತುವರು. ಪಟ್ಟಿ ಬಿಚ್ಚಿದ ಮೇಲೆ ಆ ಮಾತಾಡಿಸಿದವರ ಕಡೆ ತಿರುಗಿ, "ಜ್ವರಕ್ಕೆ ಕೂತಿರೋ ಹುಳನ ಯಾರಾದ್ರೂ ಅಲ್ಲಾಡಿಸ್ತಾರೇನಮ್ಮ?" ಎನ್ನುವರು.

ಅವರದು ರೇಷ್ಮೆ ಸಾಕುವ ಮನೆ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸುಮಾರು ಒಂದು ದಿನ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಹೊತ್ತಿಗೆ ಹುಳುವಿಗೆ ಅಂಥ ನಾಲ್ಕು ಜ್ವರ ಆಗಿರುತ್ತವೆ. ಮದುವೆಯಾಗಿ ಬಂದಾಗಿನಿಂದ ಹುಳು ಸಾಕಿದ್ದ ಸಾಕಮ್ಮನಿಗೆ ಲೋಕದ ಎಲ್ಲ ವಿಚಾರವೂ ಅರ್ಥವಾಗುತ್ತಿದ್ದದ್ದು ಹುಳುವಿನ ಮೂಲಕವೇ. ಕುಳ್ಳಗೆ, ದಪ್ಪಗೆ ಇದ್ದರು. ಸೊಪ್ಪು ಕೊಯ್ದು ಕೊಯ್ದು ಬಲಗೈ ಹೆಬ್ಬೆರಳಿನ ಒಳಮೈ ಕಪ್ಪಾಗಿ ಗಟ್ಟಿಯಾಗಿತ್ತು. ಹತ್ತಿರ ಹೋದರೆ ಹಿಪ್ಪುನೇರಳೆಯ ಹಸಿ ವಾಸನೆ. ಕನ್ನಡಕದ ಒಂದು ಕಡ್ಡಿ ಮುರಿದು ಅದರ ಜಾಗದಲ್ಲಿ ದಾರ ಬಂದಿತ್ತು. ಆ ದಾರ ಸವೆದಾಗ ದಾರ ಬದಲಾಗುತ್ತಿತ್ತೇ ಹೊರತು ಕನ್ನಡಕ ಬದಲಾಗಲಿಲ್ಲ.

ನಾನು ದೊಡ್ಡಬಳ್ಳಾಪುರದವಳು. ನರ್ಸಿಂಗ್ ಮುಗಿಸಿದ ಹೊಸದರಲ್ಲಿ ಬೆಂಗಳೂರಿನ ಒಂದು ಸಂಸ್ಥೆಯ ಹೃದಯ ಸಂಶೋಧನೆಗೆ ಸೇರಿಕೊಂಡೆ. ಹಳ್ಳಿಯ ಜನರಿಗೆ ಹೃದಯದ ಕಾಯಿಲೆ ಯಾಕೆ ಬರುತ್ತದೆ, ಯಾರಿಗೆ ಬೇಗ ಬರುತ್ತದೆ ಎಂದು ತಿಳಿಯಲು ಅದೇ ಜನರನ್ನು ವರ್ಷಕ್ಕೊಮ್ಮೆ ನೋಡುತ್ತಾ ಹೋಗುವುದು ಅದರ ಉದ್ದೇಶ. ಮಾತ್ರೆ ಕೊಡುವುದಿಲ್ಲ, ಚುಚ್ಚುಮದ್ದು ಕೊಡುವುದಿಲ್ಲ. ತೂಕ, ಸೊಂಟದ ಸುತ್ತಳತೆ, ಬಿ.ಪಿ., ಇ.ಸಿ.ಜಿ., ಖಾಲಿ ಹೊಟ್ಟೆಯ ರಕ್ತ, ಆಮೇಲೆ ಒಂದಷ್ಟು ಪ್ರಶ್ನೆಗಳು. ಇಷ್ಟನ್ನು ಬರೆದುಕೊಂಡು ಬರಬೇಕು. ಜನ ಒಪ್ಪಿಕೊಂಡು ತಾವಾಗಿ ಬರಬೇಕು, ಒತ್ತಾಯ ಮಾಡುವಂತಿಲ್ಲ. ಸಾಸಲಿನಿಂದ ಒಳಗೆ ಎರಡು ಮೈಲಿ ಹೋದರೆ ಸಿಗುವ ಸಾಕಮ್ಮನ ಊರು ನನ್ನ ಪಾಲಿಗೆ ಬಂದ ಮೊದಲ ಊರು.

ಮೊದಲ ದಿನ ಹಾಲಿನ ಡೇರಿ ಕಟ್ಟಡದಲ್ಲಿ ಮೇಜು ಹಾಕಿಕೊಂಡು ಕೂತಿದ್ದೆ. ಹೆಂಗಸರು ಗಂಡಸರು ಸೇರಿ ಇಪ್ಪತ್ತು ಜನ ಬಾಗಿಲಾಚೆ ನಿಂತಿದ್ದರು, ಒಬ್ಬರೂ ಒಳಗೆ ಬರಲಿಲ್ಲ. ರಕ್ತ ತೆಗೆದುಕೊಂಡು ಹೋಗಿ ಬೆಂಗಳೂರಿನಲ್ಲಿ ಮಾರುತ್ತಾರೆ ಎಂದು ಹಿಂದಿನ ದಿನವೇ ಯಾರೋ ಹಬ್ಬಿಸಿದ್ದರು. ನಾನು ಇಲ್ಲ ಎಂದಷ್ಟೂ ಅವರ ಅನುಮಾನ ಹೆಚ್ಚಾಗುತ್ತಿತ್ತು. ಆಗ ಸೊಪ್ಪಿನ ಹೊರೆಯನ್ನು ಗೋಡೆಗೆ ಒರಗಿಸಿ ಒಬ್ಬ ಹೆಂಗಸು ಒಳಗೆ ಬಂದು ನನ್ನೆದುರು ಕುರ್ಚಿ ಎಳೆದುಕೊಂಡರು.

"ಅದೇನೋ ಕಾಗದಕ್ಕೆ ಸೈನ್ ಹಾಕ್ಬೇಕಂತಲ್ಲ. ಅದ್ರಲ್ಲೇನೈತೆ ಓದಿ."

ಒಪ್ಪಿಗೆ ಪತ್ರ ಮೂರು ಪುಟ. ನಾನು ಬಾಯಿಪಾಠದಂತೆ ಓದುತ್ತಾ ಹೋದೆ. ಎರಡನೆಯ ಪುಟದಲ್ಲಿ ಅವರು ಕೈ ಅಡ್ಡ ಹಿಡಿದರು.

"ಆ ಸಾಲು ಇನ್ನೊಂದ್ಸಲ ಓದಿ."

"ಈ ಅಧ್ಯಯನದಲ್ಲಿ ಭಾಗವಹಿಸುವುದರಿಂದ ನಿಮಗೆ ನೇರವಾಗಿ ಯಾವುದೇ ಪ್ರಯೋಜನ ಆಗದಿರಬಹುದು."

"ಅಂದ್ರೆ ನನಗೇನೂ ಸಿಗಲ್ಲ."

"ಸಿಗದೇ ಇರಬಹುದಮ್ಮ. ಪರೀಕ್ಷೆಯಲ್ಲಿ ಏನಾದ್ರೂ ಕಂಡರೆ ನಿಮಗೆ ಹೇಳ್ತೀವಿ, ಆಸ್ಪತ್ರೆಗೆ ಚೀಟಿ ಬರೆದು ಕೊಡ್ತೀವಿ. ಅಷ್ಟೇ."

"ಮತ್ತೆ ಯಾರಿಗೆ ಸಿಗುತ್ತೆ?"

"ಮುಂದೆ ಬರೋರಿಗೆ."

ಸಾಕಮ್ಮ ಬಾಗಿಲ ಕಡೆ ತಿರುಗಿದರು. "ಹೋದ ವರ್ಷ ಮಂಡಿನೋವಿನ ಎಣ್ಣೆ ಮಾರೋನು ಬಂದಿದ್ನಲ್ಲ, ಮೂರು ದಿನಕ್ಕೆ ಓಡ್ತೀರ ಅಂದ. ನಾನು ಇವತ್ತಿಗೂ ಕುಂಟ್ತಾ ಇದೀನಿ. ನಿಮಗೇನೂ ಸಿಗಲ್ಲ ಅಂತ ಅಚ್ಚು ಹಾಕಿಸ್ಕೊಂಡು ಬಂದಿರೋರು ಈವಮ್ಮ ಒಬ್ಬಳೇ. ಮೋಸ ಮಾಡೋಕೆ ಬಂದೋರು ಹಿಂಗೆ ಹೇಳ್ತಾರ?"

ಆಮೇಲೆ ಪೆನ್ನು ತೆಗೆದುಕೊಂಡು ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಬರೆದು ಸಹಿ ಹಾಕಿದರು. ಎಲ್ಲರ ಮುಂದೆ ತೋಳು ಚಾಚಿ ರಕ್ತ ಕೊಟ್ಟರು. ನನಗೆ ಹೊಸತು, ನರ ಸಿಗದೆ ಎರಡು ಸಲ ಚುಚ್ಚಬೇಕಾಯಿತು. ಅವರು ಮುಖ ಕಿವುಚಲಿಲ್ಲ. "ನಿಧಾನಕ್ಕೆ ಹುಡುಕಮ್ಮ, ಎಲ್ಲೂ ಹೋಗಿರಲ್ಲ" ಎಂದರು. ಆ ಬೆಳಿಗ್ಗೆ ಹದಿನಾಲ್ಕು ಜನ ಅವರ ಹಿಂದೆ ಬಂದು ಕೂತರು.

ಪ್ರಶ್ನೆಗಳ ಸರದಿ ಬಂತು. ನಿಮ್ಮ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಹೃದಯಾಘಾತ ಆಗಿತ್ತೇ ಎಂಬ ಪ್ರಶ್ನೆಗೆ ಅವರು ಮರುಪ್ರಶ್ನೆ ಹಾಕಿದರು.

"ಗಂಡ ಲೆಕ್ಕಕ್ಕೆ ಬರ್ತಾನ?"

"ಇಲ್ಲಮ್ಮ. ಅಪ್ಪ, ಅಮ್ಮ, ಒಡಹುಟ್ಟಿದೋರು, ಸೋದರಮಾವ, ಈ ಥರ."

"ಹಂಗಾದ್ರೆ ಬರ್ಕೊ. ನಾನು ಕಟ್ಕೊಂಡಿದ್ದು ಸೋದರಮಾವನ್ನೇ."

ಅವರ ಗಂಡ ನಲವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಬೆಳಿಗ್ಗೆ ತೋಟದಿಂದ ಸೊಪ್ಪು ಹೊತ್ತು ತರುವಾಗ ಎದೆ ಉರಿ ಎಂದರಂತೆ. ಜೀರಿಗೆ ಕಷಾಯ ಕೊಟ್ಟರು. ಬೆವರುತ್ತಿದ್ದಾರೆ ಎಂದು ಗಾಳಿ ಹಾಕಿದರು. ಸಂಕಟ ನಿಲ್ಲದಾಗ ಅಂಗಡಿಯಿಂದ ಸೋಡಾ ತರಿಸಿ ಕುಡಿಸಿದರು. ಮಧ್ಯಾಹ್ನದ ಹೊತ್ತಿಗೆ ಮುಗಿದುಹೋಯಿತು. "ಗ್ಯಾಸು ಅಂದ್ಕೊಂಡ್ವಿ" ಎಂದು ಸಾಕಮ್ಮ ಹೇಳಿದರು. "ಅವತ್ತು ಹುಳ ಮೂರನೇ ಜ್ವರದಿಂದ ಎದ್ದು ಸೊಪ್ಪಿಗೆ ಕಾಯ್ತಿತ್ತು. ಅದನ್ನ ನೋಡ್ಕೊಳ್ಳೋದೋ ಇವರನ್ನ ನೋಡ್ಕೊಳ್ಳೋದೋ ಅಂತ ಹುಳದ ಮನೆಗೂ ಈ ಮನೆಗೂ ಓಡಾಡ್ತಿದ್ದೆ. ಕೂರಿಸ್ಕೊಂಡು ಒಂದು ಮಾತು ಸರಿಯಾಗಿ ಕೇಳ್ಲೇ ಇಲ್ಲ." ಅಷ್ಟು ಹೇಳಿ, ಮುಂದಿನ ಪ್ರಶ್ನೆ ಏನು ಎಂದರು.

ಮುಂದಿನ ವರ್ಷಗಳಲ್ಲಿ ಆ ಊರಿಗೆ ನಾನು ಹೋಗುವ ದಿನ ಸಾಕಮ್ಮನೇ ನನ್ನ ಅರ್ಧ ಕೆಲಸ ಮಾಡುತ್ತಿದ್ದರು. ಹಿಂದಿನ ಸಂಜೆಯೇ ಮನೆಮನೆಗೆ ಹೋಗಿ, "ನಾಳೆ ಬೆಳಿಗ್ಗೆ ಕಾಫಿ ಕೂಡ ಮುಟ್ಬೇಡಿ" ಎಂದು ಹೇಳಿ ಬರುವರು. ಕದ್ದು ಕಾಫಿ ಕುಡಿದು ಬಂದವರನ್ನು ಬಾಯಿ ನೋಡಿಯೇ ಕಂಡುಹಿಡಿದು ವಾಪಸು ಕಳಿಸುವರು. ಕಳಿಸುವಾಗ ಗದರಿಸುತ್ತಿರಲಿಲ್ಲ. "ನಾಳೆ ಬಾ, ಇವತ್ತು ನಿನ್ನ ರಕ್ತದಲ್ಲಿ ಸಕ್ಕರೆ ಐತೋ ಕಾಫೀಲಿ ಸಕ್ಕರೆ ಐತೋ ಗೊತ್ತಾಗಲ್ಲ" ಎನ್ನುವರು.

ಮೂರನೆಯ ವರ್ಷ ನಾನು ಅವರ ಕೈಗೆ ಸಿಕ್ಕಿಬಿದ್ದೆ.

ಬಿ.ಪಿ.ಯನ್ನು ಮೂರು ಸಲ ನೋಡಬೇಕು, ಒಂದೊಂದರ ನಡುವೆ ಬಿಡುವು ಕೊಡಬೇಕು ಎಂದು ನಿಯಮ. ಅವತ್ತು ಜನ ಜಾಸ್ತಿ. ಒಂದು ಗಂಟೆಯ ಬಸ್ಸು ತಪ್ಪಿದರೆ ಮತ್ತೆ ನಾಲ್ಕು ಗಂಟೆಗೇ. ಕೊನೆಯ ಹತ್ತು ಜನರಿಗೆ ಎರಡೆರಡು ಸಲ ನೋಡಿ, ಮೂರನೆಯ ಖಾನೆಯಲ್ಲಿ ಎರಡನೆಯದರ ಆಸುಪಾಸಿನ ಅಂಕಿಯನ್ನು ನಾನೇ ಬರೆದುಕೊಂಡೆ. ಇದರಿಂದ ಯಾರಿಗೆ ಏನಾಗುತ್ತದೆ ಎಂದುಕೊಂಡೆ. ಸಾಕಮ್ಮ ಎಲ್ಲರನ್ನೂ ಮುಂದೆ ಬಿಟ್ಟು ತಾವು ಕೊನೆಯಲ್ಲಿ ಕೂತಿದ್ದರು. ಎರಡು ಸಲ ಪಟ್ಟಿ ಕಟ್ಟಿ ಬಿಚ್ಚಿದೆ, ಬರೆದುಕೊಂಡೆ, ಚೀಲಕ್ಕೆ ಯಂತ್ರ ತುಂಬತೊಡಗಿದೆ. ಅವರು ಕೈ ತೆಗೆಯಲಿಲ್ಲ.

"ಇನ್ನೊಂದ್ಸಲ ಐತಲ್ಲಮ್ಮ."

"ಆಯ್ತಮ್ಮ, ಎರಡೂ ಹತ್ತಿರ ಹತ್ತಿರ ಬಂತು. ಮೂರನೇದೂ ಅಷ್ಟೇ ಇರುತ್ತೆ."

"ಇರುತ್ತೆ ಅಂತ ಬರ್ಕೊಂಡ್ಯಾ, ಐತೆ ಅಂತ ಬರ್ಕೊಂಡ್ಯಾ?"

ನಾನು ಪಟ್ಟಿಯನ್ನು ಸುತ್ತತೊಡಗಿದೆ. ಅವರು ದನಿ ಏರಿಸದೆ ಹೇಳಿದರು: "ನಿಂಗಮ್ಮನಿಗೂ ಎರಡೇ ಸಲ ಕಟ್ಟಿದ್ದು. ಅದಕ್ಕೆ ಮುಂಚೆ ಮರಿಯಪ್ಪನಿಗೂ. ನಾನು ಎಣಿಸ್ತಾನೇ ಇದ್ದೆ. ಮೂರು ಹೊತ್ತು ಸೊಪ್ಪು ಹಾಕ್ಬೇಕಾದ ಹುಳಕ್ಕೆ ಎರಡು ಹೊತ್ತು ಹಾಕ್ಬಿಟ್ಟು, ಹಾಕ್ದೆ ಅಂತ ಗೋಡೆ ಮೇಲೆ ಗೀಟು ಎಳ್ದ್ರೆ ಗೀಟಿರುತ್ತೆ ಕಣಮ್ಮ. ಗೂಡಿರಲ್ಲ."

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಈಕೆಗೇಕೆ ಬೇಕು ಎಂದುಕೊಂಡೆ. ಬಸ್ಸಿನ ಹಾರ್ನ್ ಕೇಳಿಸಿತು. ಸಾಕಮ್ಮನೂ ಕೇಳಿಸಿಕೊಂಡರು. "ಬಸ್ ಹೋದ್ರೆ ಹೋಗ್ಲಿ, ಊಟ ನಮ್ಮನೇಲಿ. ನಾವೆಲ್ಲ ಹೊಟ್ಟೆಗಿಲ್ದೆ ಬೆಳಿಗ್ಗೆಯಿಂದ ಕೂತಿದ್ದು ಯಾಕೆ ಹೇಳು. ನೀನು ಬರ್ಕೊಂಡಿದ್ದು ನಿಜ ಆಗಿರುತ್ತೆ ಅಂತ ತಾನೆ."

ಸಾಕಮ್ಮನ ಮೂರನೆಯದನ್ನು ಅಲ್ಲೇ ನೋಡಿ, ಉಳಿದ ಒಂಬತ್ತು ಜನರ ಮನೆಗೂ ಅವರ ಜೊತೆ ಹೋದೆ. ಒಬ್ಬೊಬ್ಬರನ್ನೂ ಐದು ನಿಮಿಷ ಕೂರಿಸಿ ಮೊದಲಿನಿಂದ ನೋಡಿದೆ. ಅವರು ಯಾರ ಮುಂದೆಯೂ ಕಾರಣ ಹೇಳಲಿಲ್ಲ. "ಮಿಷನ್ನು ಸರಿಯಾಗಿ ತೋರಿಸ್ಲಿಲ್ವಂತೆ" ಎಂದಷ್ಟೇ ಅಂದರು. ಆಮೇಲೆ ಅವರ ಹುಳುಮನೆಯ ಜಗಲಿಯ ಮೇಲೆ ಕೂತು ಮುದ್ದೆ, ಹುರುಳಿಕಾಳಿನ ಸಾರು ಉಂಡೆವು. ಒಳಗೆ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು.

ಆ ವಾರ ಅಧ್ಯಯನದ ಉಸ್ತುವಾರಿ ನೋಡುವ ನಮ್ಮ ಡಾಕ್ಟರಿಗೆ ವಿಷಯ ಹೇಳಿದೆ. ಅವರೂ ಹೆಂಗಸು, ಹೆಚ್ಚು ಮಾತಿನವರಲ್ಲ. ಬೇರೆ ಊರುಗಳಲ್ಲೂ ಹೀಗೆ ಮಾಡಿದ್ದೀಯಾ ಎಂದು ಕೇಳಿದರು. ಎರಡು ಕಡೆ ಮಾಡಿದ್ದೆ. ಆ ಅಂಕಿಗಳನ್ನೆಲ್ಲ ತೆಗೆದುಹಾಕಿಸಿದರು. ನನ್ನನ್ನು ಒಂದು ತಿಂಗಳು ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿದ್ದ ನಮ್ಮ ಕಚೇರಿಯಲ್ಲೇ ಕೂರಿಸಿದರು. ಕೆಲಸ ಹೋಯಿತೆಂದೇ ನಾನು ತಿಳಿದಿದ್ದೆ. ಹೋಗಲಿಲ್ಲ. "ಹೇಳದೇ ಇದ್ದಿದ್ದರೆ ಹೋಗ್ತಿತ್ತು" ಎಂದು ಮಾತ್ರ ಹೇಳಿ ಮತ್ತೆ ಊರುಗಳಿಗೆ ಕಳಿಸಿದರು.

ನಾಲ್ಕನೆಯ ವರ್ಷದ ಭೇಟಿಯಾಗಿ ಕೆಲವು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಎಂಟು ಗಂಟೆಗೆ ಸಾಕಮ್ಮ ಫೋನ್ ಮಾಡಿದರು.

"ಶೋಭಾ, ನಮ್ಮ ಚಿಕ್ಕರಾಮಯ್ಯ ಎಲ್ಲಾದಕ್ಕೂ ಹೂಂ ಅಂದ."

ಚಿಕ್ಕರಾಮಯ್ಯ ಅವರ ಗಂಡನ ತಮ್ಮ. ರಕ್ತ ಕೊಡಲು ಹೆದರಿ ಅಧ್ಯಯನಕ್ಕೆ ಸೇರದವರಲ್ಲಿ ಒಬ್ಬರು. ಯಾವುದಕ್ಕೆ ಹೂಂ ಎಂದರು ಎಂದು ನನಗೆ ತಕ್ಷಣ ತಿಳಿಯಲಿಲ್ಲ. ನಮ್ಮ ಪ್ರಶ್ನೆಗಳಲ್ಲಿ ಎದೆನೋವಿನ ಬಗ್ಗೆ ಒಂದು ಭಾಗವಿದೆ. ದಿಬ್ಬ ಹತ್ತುವಾಗ ಅಥವಾ ಬೇಗ ನಡೆಯುವಾಗ ಎದೆ ಹಿಡಿದಂತಾಗುತ್ತದೆಯೇ, ಆದಾಗ ನಿಂತುಬಿಡುತ್ತೀರಾ, ನಿಂತರೆ ಸ್ವಲ್ಪ ಹೊತ್ತಿಗೆ ಹೋಗುತ್ತದೆಯೇ, ನೋವು ಎಲ್ಲಿ ಎಂದು ಕೈಯಿಟ್ಟು ತೋರಿಸಿ. ವರ್ಷ ವರ್ಷವೂ ನನ್ನ ಬಾಯಲ್ಲಿ ಕೇಳಿ ಕೇಳಿ ಸಾಕಮ್ಮನಿಗೆ ಅವು ಕಂಠಪಾಠವಾಗಿದ್ದವು. ಹಾಲು ಹಾಕುವ ಸಾಲಿನಲ್ಲಿ ನಿಂತವರನ್ನು ಅವರು ಒಬ್ಬೊಬ್ಬರನ್ನಾಗಿ ಅದೇ ಕ್ರಮದಲ್ಲಿ ಕೇಳುತ್ತಿದ್ದರಂತೆ. ಜನ ನಗುತ್ತಲೇ ಉತ್ತರ ಕೊಡುತ್ತಿದ್ದರು. ಅವತ್ತು ಚಿಕ್ಕರಾಮಯ್ಯನವರೂ ನಗುತ್ತಲೇ ಕೊಟ್ಟರು. ಕೊನೆಯ ಪ್ರಶ್ನೆಗೆ ಅವರು ಅಂಗೈಯನ್ನು ಎದೆಯ ನಟ್ಟನಡುವೆ ಇಟ್ಟು, ಅಲ್ಲಿಂದ ಎಡ ತೋಳಿನವರೆಗೆ ಎಳೆದು ತೋರಿಸಿದರು. ಸಾಕಮ್ಮ ಹಾಲಿನ ಕ್ಯಾನನ್ನು ಅಲ್ಲೇ ಇಳಿಸಿ ನನಗೆ ಫೋನ್ ಮಾಡಿದ್ದರು.

"ಈಗಲೇ ಆಸ್ಪತ್ರೆಗೆ ಕರಕೊಂಡು ಬನ್ನಿ" ಎಂದೆ.

ಚಿಕ್ಕರಾಮಯ್ಯ ಹೊರಡಲು ಒಪ್ಪಲಿಲ್ಲ. "ಅದು ಗ್ಯಾಸ್ಟ್ರಿಕ್ ಕಣತ್ತಿಗೆ. ಹೊಸ ಬೋರ್‌ವೆಲ್‌ನೋರು ಬರ್ತಾರೆ ಇವತ್ತು, ನಾಳೆ ನೋಡಾನ" ಎಂದು ಅವರು ಹೇಳುವುದು ಫೋನಿನಲ್ಲಿ ನನಗೆ ಕೇಳುತ್ತಿತ್ತು. ಅದಕ್ಕೆ ಸಾಕಮ್ಮ ಹೇಳಿದ್ದೂ ಕೇಳಿತು. "ನಿಮ್ಮಣ್ಣನ ನೋವಿಗೂ ನಾವು ಅದೇ ಹೆಸರಿಟ್ಟಿದ್ದು. ಆಟೋ ಹತ್ತು."

ಫೋನ್ ಕಟ್ಟಾಯಿತು. ಒಂದು ಗಂಟೆಯ ನಂತರ ಇಬ್ಬರೂ ದೊಡ್ಡಬಳ್ಳಾಪುರಕ್ಕೆ ಬಂದಿಳಿದರು. ಇ.ಸಿ.ಜಿ. ನೋಡಿದ ನಮ್ಮ ಡಾಕ್ಟರು ತಾವೇ ಆಂಬ್ಯುಲೆನ್ಸಿಗೆ ಹೇಳಿದರು. ಬೆಂಗಳೂರಿನಲ್ಲಿ ಎರಡು ಕಡೆ ರಕ್ತನಾಳ ಕಟ್ಟಿದ್ದನ್ನು ಬಿಡಿಸಿ ಸ್ಟೆಂಟ್ ಹಾಕಿದರು. ಚಿಕ್ಕರಾಮಯ್ಯ ಈಗಲೂ ಇದ್ದಾರೆ. ಬೆಳಿಗ್ಗೆ ಹಾಲು ಹಾಕುತ್ತಾರೆ, ಬೀಡಿ ಬಿಟ್ಟಿದ್ದೇನೆ ಎಂದು ಹೇಳುತ್ತಾರೆ.

ನಮ್ಮ ಪ್ರಶ್ನೆಗಳನ್ನು ಹೊರಗಿನವರು ಹೀಗೆ ಬಳಸಬಹುದೋ ಇಲ್ಲವೋ ಎಂದು ನಾನು ಹೆದರಿ ಡಾಕ್ಟರನ್ನು ಕೇಳಿದೆ. ಅವರು "ನಾವು ಕೇಳಿ ಬರೆದುಕೊಂಡು ಬರ್ತೀವಿ. ಆಕೆ ಕೇಳಿ ಮನುಷ್ಯನನ್ನೇ ಕರೆದುಕೊಂಡು ಬಂದರು" ಎಂದರು. ಸಾಕಮ್ಮನಿಗೆ ಈ ಮಾತು ತಿಳಿಸಿದಾಗ ಅವರಿಗೆ ಹೆಚ್ಚೇನೂ ಅನ್ನಿಸಿದಂತೆ ಕಾಣಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕನ್ನಡಕದ ದಾರ ಬಿಗಿ ಮಾಡಿಕೊಳ್ಳುತ್ತಾ, "ಹಿಂದೇನೇ ಯಾರಾದ್ರೂ ಈ ಕಾಗದ ಹಿಡ್ಕೊಂಡು ನಮ್ಮೂರಿಗೆ ಬಂದಿದ್ರೆ ಆಗ್ತಿತ್ತು" ಎಂದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಅತ್ತಂತೆ ಇರಲಿಲ್ಲ.

ಅದರ ಮರುವರ್ಷ ಅವರು ಊರು ಬಿಟ್ಟರು. ಇದ್ದ ಒಬ್ಬಳೇ ಮಗಳು ಮಂಜುಳಾಳನ್ನು ಹೊಸಕೋಟೆ ಕಡೆಯ ಸಮೇತನಹಳ್ಳಿಗೆ ಕೊಟ್ಟಿದ್ದರು. ಅವಳಿಗೆ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು, ಮನೆಯಲ್ಲಿ ಎರಡು ಚಿಕ್ಕ ಹೆಣ್ಣುಮಕ್ಕಳು. ಸಾಕಮ್ಮ ಹುಳುಮನೆಯನ್ನೂ ತೋಟವನ್ನೂ ಮೈದುನನಿಗೆ ಒಪ್ಪಿಸಿ ಮಗಳ ಮನೆಗೆ ಹೋದರು. ನಮ್ಮ ಅಧ್ಯಯನ ನಡೆಯುವುದು ದೊಡ್ಡಬಳ್ಳಾಪುರ ತಾಲೂಕಿನಲ್ಲಿ ಮಾತ್ರ. ಆಚೆ ಹೋದವರನ್ನು ಹುಡುಕಿಕೊಂಡು ಹೋಗಲು ವ್ಯವಸ್ಥೆ ಇರಲಿಲ್ಲ. ಅಂಥವರ ಹೆಸರಿನ ಮುಂದೆ "ಸಂಪರ್ಕ ತಪ್ಪಿದವರು" ಎಂದು ಬರೆಯುತ್ತಿದ್ದೆವು. ಫೋನಿನಲ್ಲಿ ಇದನ್ನು ತಿಳಿಸಿದೆ.

"ನಾನೆಲ್ಲಿ ತಪ್ಪಿಸ್ಕೊಂಡಿದೀನಿ? ಹೊಸಕೋಟೆ ತಾಲೂಕಲ್ಲಿದೀನಿ. ನೀನು ಫೋನ್ ಮಾಡಿದೀಯ, ನಾನು ಎತ್ತಿದೀನಿ."

"ಪರೀಕ್ಷೆಗೆ ಇಲ್ಲಿಗೇ ಬರಬೇಕಾಗುತ್ತಮ್ಮ. ಅದೂ ಖಾಲಿ ಹೊಟ್ಟೆಯಲ್ಲಿ."

"ದಿನ ಹೇಳು."

ಹೇಳಿದ ದಿನ ಬೆಳಿಗ್ಗೆ ಒಂಬತ್ತೂವರೆಗೆ ನಾನು ಆಸ್ಪತ್ರೆಯ ಹತ್ತಿರ ಬಂದಾಗ ಸಾಕಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಸಮೇತನಹಳ್ಳಿಯಿಂದ ಹೊಸಕೋಟೆ, ಹೊಸಕೋಟೆಯಿಂದ ದೇವನಹಳ್ಳಿ, ದೇವನಹಳ್ಳಿಯಿಂದ ದೊಡ್ಡಬಳ್ಳಾಪುರ, ಮೂರು ಬಸ್ಸು ಬದಲಾಯಿಸಿ ಬಂದಿದ್ದರು. ಹಿಂದಿನ ರಾತ್ರಿಯ ಊಟದ ನಂತರ ನೀರು ಬಿಟ್ಟರೆ ಬೇರೇನೂ ಮುಟ್ಟಿರಲಿಲ್ಲ. ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಎರಡು ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ರಕ್ತ ಕೊಟ್ಟು ಹತ್ತಿ ಒತ್ತಿಕೊಂಡ ತಕ್ಷಣ ಡಬ್ಬಿ ತೆಗೆದು, ನನಗೊಂದು ರೊಟ್ಟಿ ಮುರಿದುಕೊಟ್ಟು ತಿಂದರು. ಆ ವರ್ಷ ಬಂದರು, ಅದರ ಮರುವರ್ಷ ಬಂದರು. ಬಸ್ಸಿನಲ್ಲಿ ಪಕ್ಕ ಕೂತವರು ಏನಾದರೂ ತಿನ್ನಲು ಕೊಟ್ಟರೆ ಏನು ಹೇಳುತ್ತೀರಿ ಎಂದು ಒಮ್ಮೆ ಕೇಳಿದೆ. "ಹರಕೆ ಅಂತೀನಿ. ಯಾವ ದೇವ್ರು ಅಂತ ಯಾರೂ ಕೇಳಲ್ಲ" ಎಂದರು.

ಏಳನೆಯ ವರ್ಷವೂ ಹಾಗೇ ಬಂದರು. ಕನ್ನಡಕ ಅದೇ, ಡಬ್ಬಿ ಅದೇ. ರವಿಕೆ ಮಾತ್ರ ಸಡಿಲವಾಗಿ ಹೆಗಲಿನಿಂದ ಜಾರುತ್ತಿತ್ತು. ತೂಕದ ಯಂತ್ರದ ಮೇಲೆ ನಿಂತಾಗ ಹಿಂದಿನ ವರ್ಷಕ್ಕಿಂತ ಒಂಬತ್ತು ಕಿಲೋ ಕಡಿಮೆ ತೋರಿಸಿತು. ಸೊಂಟದ ಸುತ್ತಳತೆ ಇಳಿದಿತ್ತು. ಬಿ.ಪಿ. ಮೂರು ಸಲವೂ ಚೆನ್ನಾಗಿ ಬಂತು, ಏಳು ವರ್ಷದಲ್ಲಿ ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಇ.ಸಿ.ಜಿ.ಯಲ್ಲಿ ಒಂದು ಗೆರೆಯೂ ಆಚೀಚೆ ಇಲ್ಲ.

"ಈ ಸಲ ಎಲ್ಲಾ ತುಂಬಾ ಚೆನ್ನಾಗಿದೆಯಮ್ಮ. ಡಾಕ್ಟರು ನೋಡಿದರೆ ಖುಷಿಪಡ್ತಾರೆ" ಎಂದೆ.

ಈ ಮಾತನ್ನು ನಾನು ಹೇಳಿದೆ. ಅದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು.

ರಕ್ತ ಕೊಟ್ಟ ಮೇಲೆ ಅವರು ಡಬ್ಬಿಯನ್ನು ನನ್ನ ಕಡೆ ತಳ್ಳಿದರು. "ಎರಡೂ ನೀನೇ ತಿನ್ನು."

"ನೀವು?"

"ಸೇರ್ತಾ ಇಲ್ಲ ಕಣಮ್ಮ. ಮಂಜುಳಾ ಬೈತಾಳೆ ಅಂತ ಕಟ್ಕೊಂಡ್ ಬಂದೆ."

ನಾನು ಪ್ರಶ್ನೆಗಳ ಹಾಳೆ ತೆಗೆದೆ. ಕಳೆದ ಒಂದು ವರ್ಷದಲ್ಲಿ ತೂಕ ಇಳಿಸಲು ಪ್ರಯತ್ನ ಮಾಡಿದ್ದೀರಾ? ಇಲ್ಲ. ನಡಿಗೆ, ವ್ಯಾಯಾಮ ಹೆಚ್ಚು ಮಾಡಿದ್ದೀರಾ? ಮಕ್ಕಳ ಹಿಂದೆ ಓಡೋದು ಬಿಟ್ರೆ ಇಲ್ಲ. ಎದೆನೋವು? ಇಲ್ಲ. ಪೆನ್ನು ಅಲ್ಲಿ ನಿಂತಿತು. ಹಾಳೆಯಲ್ಲಿ ಇನ್ನೂ ಎರಡು ಪುಟ ಇತ್ತು, ಎಲ್ಲಾ ಹೃದಯದ ಪ್ರಶ್ನೆಗಳು. ಅವನ್ನು ಬದಿಗಿಟ್ಟು, ಊಟ ಯಾವಾಗಿನಿಂದ ಸೇರುತ್ತಿಲ್ಲ ಎಂದು ನಾನೇ ಕೇಳಿದೆ. ನಾಲ್ಕೈದು ತಿಂಗಳಾಯಿತು ಎಂದರು. ಮುದ್ದೆ ನುಂಗಿದರೆ ಎದೆಯ ಕೆಳಗೆ ನಿಂತಂತಾಗುತ್ತದೆ, ಒಂದೊಂದು ಸಲ ವಾಂತಿ. ಯಾರಿಗೂ ಹೇಳಲಿಲ್ಲವೇ ಎಂದೆ. "ಹಾರ್ಟಿಂದಲ್ಲ ಅಂತ ಗೊತ್ತಿತ್ತಲ್ಲ. ನಿನ್ನ ಪ್ರಶ್ನೆ ಎಲ್ಲಾ ನನಗೆ ನಾನೇ ಕೇಳ್ಕೊಂಡೆ, ಒಂದಕ್ಕೂ ಹೂಂ ಬರ್ಲಿಲ್ಲ" ಎಂದರು.

ಡಾಕ್ಟರಿಗೆ ಆಗಲೇ ಫೋನ್ ಮಾಡಿದೆ. ಅವರು ಬೇರೆ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಎರಡು ವಾರದಲ್ಲಿ ಗೊತ್ತಾಯಿತು, ಹೊಟ್ಟೆಯ ಕ್ಯಾನ್ಸರ್. ಈಗಾಗಲೇ ಹರಡಿದೆ ಎಂದು ಅಲ್ಲಿಯವರು ಮಂಜುಳಾಳಿಗೆ ಹೇಳಿದರು. ಮಂಜುಳಾ ಅಮ್ಮನಿಗೆ ಹೇಳದಿರಲು ನೋಡಿದಳು. ಸಾಕಮ್ಮ ರಿಪೋರ್ಟನ್ನು ಕೈಯಲ್ಲಿ ಹಿಡಿದುಕೊಂಡು, ಅದರಲ್ಲೇನಿದೆ ಎಂದು ಹೇಳುವವರೆಗೆ ವಾಪಸು ಕೊಡಲಿಲ್ಲವಂತೆ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಅದೇ ಮೂರು ಬಸ್ಸುಗಳನ್ನು ತಿರುಗುಮುರುಗಾಗಿ ಹಿಡಿದು ಸಮೇತನಹಳ್ಳಿಗೆ ಹೋದೆ. ನಡುಮನೆಯಲ್ಲಿ ಮಂಚ. ಮೊಮ್ಮಕ್ಕಳು ಅದರ ಕೆಳಗೆ ಆಡಿಕೊಂಡಿದ್ದವು. ಸಾಕಮ್ಮ ದಿಂಬಿಗೆ ಒರಗಿ ಕೂತಿದ್ದರು. ಮುಖ ಸಣ್ಣದಾಗಿತ್ತು, ಕನ್ನಡಕ ದೊಡ್ಡದಾಗಿ ಕಾಣುತ್ತಿತ್ತು. ಹೆಬ್ಬೆರಳಿನ ಕಪ್ಪು ಹೋಗಿ ಚರ್ಮ ಮೆತ್ತಗಾಗಿತ್ತು. ನನ್ನನ್ನು ಹತ್ತಿರ ಕೂರಿಸಿಕೊಂಡರು. ನೋವು ಹೇಗಿದೆ, ಮಾತ್ರೆ ಕೆಲಸ ಮಾಡುತ್ತಿದೆಯಾ ಎಂದು ನಾನು ಕೇಳಿದ್ದಕ್ಕೆಲ್ಲ ಚುಟುಕಾಗಿ ಉತ್ತರ ಕೊಟ್ಟರು. ಅವರ ಮನಸ್ಸು ಬೇರೆಲ್ಲೋ ಇತ್ತು.

"ಶೋಭಾ, ಒಂದು ವಿಷ್ಯ ಕೇಳ್ಬೇಕು ಅಂತ ಇದ್ದೆ. ಹೋದ ಸಲ ನನ್ನ ತೂಕ ಇಳಿದಿತ್ತು, ಬಿ.ಪಿ. ಚೆನ್ನಾಗಿತ್ತು ಅಂದ್ಯಲ್ಲ. ಅದು ನಿಮ್ಮ ಪುಸ್ತಕಕ್ಕೆ ಹೋಗ್ಬಿಡ್ತಾ?"

"ಹೋಗಿದೆಯಮ್ಮ."

"ಅದನ್ನ ನೋಡ್ದೋರು, ಈವಮ್ಮ ಏನೋ ಒಳ್ಳೇದು ಮಾಡ್ಕೊಂಡವಳೆ, ಅದಕ್ಕೇ ಹಾರ್ಟು ಚೆನ್ನಾಗೈತೆ ಅಂತ ತಿಳ್ಕೊಳಲ್ವಾ? ನಾನು ಚೆನ್ನಾಗಾಗಿದ್ದಲ್ಲ. ಕಾಯಿಲೆ ತಿಂತಾ ಇತ್ತು. ನನ್ನಿಂದ ಲೆಕ್ಕ ತಪ್ಪೋದು ಬೇಡ."

ಅವರಿಗೆ ಉಸಿರು ಸಾಲುತ್ತಿರಲಿಲ್ಲ, ಇಷ್ಟನ್ನು ಹೇಳಲು ನಡುವೆ ಎರಡು ಸಲ ನಿಲ್ಲಿಸಿದರು. ನಾನು ಅವತ್ತೇ ಹಾಳೆಯ ಕೊನೆಯಲ್ಲಿ ಊಟ ಸೇರದ ವಿಷಯ ಬರೆದಿದ್ದೆ, ಆಮೇಲೆ ಡಾಕ್ಟರು ಕಾಯಿಲೆಯ ಹೆಸರನ್ನೂ ಸೇರಿಸಿದ್ದರು. ಲೆಕ್ಕ ಹಾಕುವವರು ಅದನ್ನು ನೋಡಿಯೇ ಹಾಕುತ್ತಾರೆ ಎಂದು ಹೇಳಿದೆ.

"ಬರ್ದಿದ್ದೀಯಾ?"

"ಬರೆದಿದ್ದೇನೆ ಅಮ್ಮ. ಬೇಕಾದರೆ ಆ ಹಾಳೆಯ ಫೋಟೋ ತೋರಿಸ್ತೀನಿ."

"ಬೇಡ ಬಿಡು. ನೀನು ಬರ್ದಿದೀನಿ ಅಂದ್ರೆ ಬರ್ದಿರ್ತೀಯ."

ಕಣ್ಣು ಮುಚ್ಚಿದರು. ಮಂಜುಳಾ ನನಗೆ ಊಟಕ್ಕೆ ಎಲೆ ಹಾಕಿದಳು. ಹೊರಡುವಾಗ ಅವರಿಗೆ ನಿದ್ದೆ ಹತ್ತಿತ್ತು, ಎಬ್ಬಿಸಲಿಲ್ಲ. ಆರು ವಾರದ ನಂತರ ಮಂಜುಳಾ ಫೋನ್ ಮಾಡಿದಳು.

ಅಧ್ಯಯನದಲ್ಲಿದ್ದವರು ತೀರಿಕೊಂಡರೆ ಮನೆಯವರನ್ನು ಕಂಡು ಕೊನೆಯ ಒಂದು ಹಾಳೆ ತುಂಬಬೇಕು. ತಾಲೂಕಿನ ಆಚೆಯವರಾದರೆ ಫೋನಿನಲ್ಲೇ ಮುಗಿಸಬಹುದಿತ್ತು. ನಾನು ತಿಥಿ ಕಳೆದ ಮೇಲೆ ಹೋದೆ. ಮಂಜುಳಾ ಅಡುಗೆಮನೆಯ ಬಾಗಿಲಲ್ಲಿ ಕೂತು ಉತ್ತರ ಹೇಳಿದಳು. ಸಾಯುವ ಮುಂಚಿನ ವಾರ ಎದೆನೋವು ಇತ್ತೇ? ಇರಲಿಲ್ಲ. ಕಾಲು ಬಾತುಕೊಂಡಿತ್ತೇ? ಸ್ವಲ್ಪ. ಪ್ರಜ್ಞೆ ಇತ್ತೇ? ಹಿಂದಿನ ದಿನದ ತನಕ ಚೆನ್ನಾಗಿತ್ತು, ಸಣ್ಣವಳ ಜಡೆ ಹಾಕಿದರು. ನಾನು ಬರೆದುಕೊಳ್ಳುತ್ತಾ ಹೋದೆ. ಕೊನೆಯಲ್ಲಿ ಸಾವಿನ ಕಾರಣಕ್ಕೆ ಎರಡು ಚೌಕಗಳಿವೆ, ಹೃದಯಕ್ಕೆ ಸಂಬಂಧಿಸಿದ್ದು, ಸಂಬಂಧಿಸದೆ ಇರುವುದು. ಎರಡನೆಯದಕ್ಕೆ ಗುರುತು ಹಾಕಿದೆ. ಮಂಜುಳಾ ನನ್ನ ಪೆನ್ನನ್ನೇ ನೋಡುತ್ತಿದ್ದಳು.

"ಹಂಗಾದ್ರೆ ಅಮ್ಮನ ಹಾರ್ಟು ಚೆನ್ನಾಗಿತ್ತಾ ಅಕ್ಕ?"

"ಚೆನ್ನಾಗಿತ್ತು" ಎಂದೆ.

ಅವಳು ತಲೆಯಾಡಿಸಿದಳು. ಒಳಗೆ ಹಾಲು ಉಕ್ಕುವ ಸದ್ದಾಯಿತು. ಎದ್ದು ಹೋಗಿ ಒಲೆ ಆರಿಸಿ, ಬಹಳ ಹೊತ್ತು ಅಲ್ಲೇ ನಿಂತಿದ್ದಳು.